ಸೈಕಲ್‌ಗೆ ಮಲ್ಟಿ ಟೂಲ್: ಕೊಳ್ಳುವ ಮೊದಲು ನಿಮ್ಮ ಸೈಕಲ್‌ನ ನಟ್ಟು ನೋಡಿ

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟ ಸೀಮೆಯಲ್ಲಿ ತಿಗನಾರೆ ಎಂಬ ಊರಿದೆ. ರಾಜ್ಯ ತಮಿಳುನಾಡು, ಜನರ ಮಾತು ಹೆಚ್ಚಾಗಿ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೇ ತಾಳವಾಡಿ ಸೀಮೆಯದ್ದು ಎಂದರೆ ಕರಾವಳಿಯ ಓದುಗರಿಗೂ ಜಾಗದ ಅಂದಾಜು ಸಿಗುತ್ತದೆ. ಒಂದು ಕಡೆ ಚಾಮರಾಜನಗರ. ಇನ್ನೊಂದು ಕಡೆ ಹಾಸನೂರು, ದಿಂಬಂ ದಾಟಿ 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ, ಅಲ್ಲಿಂದ ಸತ್ಯಮಂಗಲ. ಸುತ್ತಮುತ್ತ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡು. ಕಾಡಂಚಿನ ಹೊಲಗಳಲ್ಲಿ ಕಬ್ಬು, ಬಾಳೆ, ಮುಸುಕಿನ ಜೋಳ. ಕತ್ತಲಾದರೆ ಆನೆಗಳು ಈ ಬೆಳೆಗೆ ಇಳಿಯುತ್ತವೆ. ಬಣ್ಣಾರಿಯಿಂದ ಕಾರಪಳ್ಳದವರೆಗಿನ ಹೆದ್ದಾರಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಇರುವುದೂ ಕಾಡುಪ್ರಾಣಿಗಳ ಕಾರಣಕ್ಕೇ.

ಮಂಗಳೂರಿನಲ್ಲಿ ಸೈಕಲ್ ಕೆಟ್ಟರೆ ನೂಕಿಕೊಂಡು ಹೋಗಿ ಅಂಗಡಿ ಹುಡುಕಬಹುದು, ಇಲ್ಲವಾದರೆ ಗೂಡ್ಸ್ ಆಟೋಗೆ ಹಾಕಬಹುದು. ತಿಗನಾರೆಯಂತಹ ಕಡೆ ಸಂಜೆ ಐದೂವರೆಗೆ ಚೈನು ತುಂಡಾದರೆ ಅಥವಾ ಹಿಂದಿನ ಚಕ್ರ ಓರೆಯಾಗಿ ಫ್ರೇಮಿಗೆ ಉಜ್ಜತೊಡಗಿದರೆ ಲೆಕ್ಕವೇ ಬೇರೆ. ಆಗ ಕೈಯಲ್ಲಿರುವ ಟೂಲ್ ಕೆಲಸಕ್ಕೆ ಬರಬೇಕು, ಅಷ್ಟೇ. ಅಂಗಡಿ ದೂರ ಇರುವವನ ಲೆಕ್ಕದಲ್ಲಿ ಟೂಲ್ ಆರಿಸಿದರೆ ಊರಲ್ಲಿರುವವನಿಗೂ ಅದು ಸಾಲುತ್ತದೆ. ಹಾಗಾಗಿ ತಿಗನಾರೆಯ ದಾರಿಯನ್ನೇ ಮುಂದಿಟ್ಟುಕೊಂಡು ನೋಡೋಣ.

ಈಗ ಆನ್‌ಲೈನ್‌ನಲ್ಲಿ "16 ಇನ್ 1", "19 ಇನ್ 1" ಎಂದು ಮಡಚುವ ಮಲ್ಟಿ ಟೂಲ್‌ಗಳು ಧಾರಾಳ ಸಿಗುತ್ತವೆ. ಸಂಖ್ಯೆ ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಮ್ಮ ಹುಡುಗರು ಆರ್ಡರ್ ಹಾಕುತ್ತಾರೆ. ಪಾರ್ಸೆಲ್ ಬಂದ ಮೇಲೆ ನೋಡಿದರೆ ಅದರಲ್ಲಿರುವ ಹತ್ತು ಕೀಲಿಗಳಿಗೆ ಅವರ ಸೈಕಲ್‌ನಲ್ಲಿ ಬೋಲ್ಟೇ ಇಲ್ಲ! ಸೈಕಲ್‌ನಲ್ಲಿರುವ ದೊಡ್ಡ ನಟ್ಟಿಗೆ ಟೂಲ್‌ನಲ್ಲಿ ಸ್ಪ್ಯಾನರ್ ಇಲ್ಲ. ಹಣ ಕಳೆದುಕೊಳ್ಳುವುದು ಹೀಗೆ. ಟೂಲ್ ಕೆಟ್ಟದ್ದೇನಲ್ಲ, ಅದು ಬೇರೆ ಜಾತಿಯ ಸೈಕಲ್‌ಗೆ ಮಾಡಿದ್ದು.

ನಿಮ್ಮದು ನಟ್ಟಿನ ಸೈಕಲ್ಲೋ, ಕೀಲಿಯ ಸೈಕಲ್ಲೋ?

ನಮ್ಮಲ್ಲಿ ಓಡಾಡುವ ಸೈಕಲ್‌ಗಳನ್ನು ರಿಪೇರಿ ದೃಷ್ಟಿಯಿಂದ ಎರಡು ಗುಂಪು ಮಾಡಬಹುದು. ಒಂದು, ಹೊರಗಿನಿಂದ ಆರು ಮೂಲೆಯ ನಟ್ಟು ಕಾಣುವ ಸೈಕಲ್. ಕ್ಯಾರಿಯರ್, ಚೈನ್ ಕವರ್, ಸ್ಟ್ಯಾಂಡ್ ಇರುವ ಹಳೇ ಕಾಲದ ಕಪ್ಪು ಸೈಕಲ್, ಲೇಡೀಸ್ ಸೈಕಲ್, ಸರಕಾರ ಶಾಲಾ ಮಕ್ಕಳಿಗೆ ಕೊಡುವ ಸೈಕಲ್ ಎಲ್ಲಾ ಇದರಲ್ಲಿ ಬರುತ್ತವೆ. ತಮಿಳುನಾಡಿನಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಸಿಗುತ್ತದೆ. ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯವರಿಗೆ ಕೊಡುವ ಯೋಜನೆ ಶುರುವಾಗಿತ್ತು. ತಾಳವಾಡಿ ಸೀಮೆಯ ಮಕ್ಕಳಾಗಲಿ, ಗಡಿಯಾಚೆ ಚಾಮರಾಜನಗರದ ಹಳ್ಳಿಯ ಮಕ್ಕಳಾಗಲಿ, ಹತ್ತುವ ಸೈಕಲ್ ಹೆಚ್ಚಾಗಿ ಈ ಜಾತಿಯದ್ದೇ. ಹಿಂದೆ ನಮ್ಮ ಬ್ಯಾರಿ ಹಿರಿಯರು ಕ್ಯಾರಿಯರ್‌ಗೆ ಪೆಟ್ಟಿಗೆ ಕಟ್ಟಿ ಮನೆ ಮನೆಗೆ ಮೀನು ಮಾರಿದ್ದೂ ಇಂಥದ್ದೇ ಸೈಕಲ್‌ನಲ್ಲಿ. 

ಎರಡನೆಯದು ಕೀಲಿಯ ಸೈಕಲ್. ಗೇರ್ ಇರುವ ಎಂಟಿಬಿ, ಹೈಬ್ರಿಡ್, ರೋಡ್ ಬೈಕ್. ಇವುಗಳ ಬೋಲ್ಟ್ ತಲೆಯಲ್ಲಿ ಆರು ಮೂಲೆಯ ಗುಳಿ ಇರುತ್ತದೆ, ಅದಕ್ಕೆ ಅಲೆನ್ ಕೀ ಬೇಕು. ಡಿಸ್ಕ್ ಬ್ರೇಕ್ ಇದ್ದರೆ ಕೆಲವು ಬೋಲ್ಟ್‌ಗಳಲ್ಲಿ ನಕ್ಷತ್ರದ ಆಕಾರದ ಗುಳಿ, ಅದಕ್ಕೆ ಟಾರ್ಕ್ಸ್ ಕೀ. ಮಾರುಕಟ್ಟೆಯ ಮಡಚುವ ಮಲ್ಟಿ ಟೂಲ್‌ಗಳು ಬಹುತೇಕ ಈ ಎರಡನೇ ಗುಂಪಿಗಾಗಿ ಮಾಡಿದವು.

ಮಧ್ಯದಲ್ಲಿ ಒಂದು ಬೆರಕೆ ಜಾತಿಯೂ ಇದೆ. ನೋಡಲು ಎಂಟಿಬಿ, ದಪ್ಪ ಟೈರು, ಮುಂದೆ ಶಾಕ್. ಆದರೆ ಚಕ್ರಕ್ಕೆ ನಟ್ಟು, ಸೀಟಿಗೆ ನಟ್ಟು, ಹ್ಯಾಂಡಲ್‌ಗೆ ಮಾತ್ರ ಅಲೆನ್ ಬೋಲ್ಟ್. ಹತ್ತು ಸಾವಿರದೊಳಗಿನ ಸೈಕಲ್‌ಗಳಲ್ಲಿ ಇದೇ ಜಾಸ್ತಿ. ಮಕ್ಕಳಿಗೆ ಹೊಸದಾಗಿ ಕೊಡಿಸುವ ಸೈಕಲ್ ಹೆಚ್ಚಾಗಿ ಇಂಥದ್ದು, ಟೂಲ್ ಆರಿಸುವಾಗ ಎಡವುವುದೂ ಇಲ್ಲೇ.

ಹಾಗಾಗಿ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಒಂದು ಕಾಗದ, ಪೆನ್ನು ಹಿಡಿದು ಸೈಕಲ್ ಪಕ್ಕ ಕುಳಿತುಕೊಳ್ಳಿ. ಮುಂದಿನ ಚಕ್ರ, ಹಿಂದಿನ ಚಕ್ರ, ಸೀಟು, ಹ್ಯಾಂಡಲ್, ಬ್ರೇಕ್, ಪೆಡಲ್, ಕ್ಯಾರಿಯರ್, ಮಡ್‌ಗಾರ್ಡ್ ಎಂದು ಬರೆದು ಎದುರಿಗೆ ನಟ್ಟೋ ಕೀಲಿಯೋ, ಎಷ್ಟು ಅಳತೆ ಎಂದು ಗುರುತು ಮಾಡಿ. ಅಳತೆ ಗೊತ್ತಾಗದಿದ್ದರೆ ಪಕ್ಕದ ಬೈಕ್ ಗ್ಯಾರೇಜಿನಲ್ಲಿ ಒಂದೊಂದೇ ಸ್ಪ್ಯಾನರ್ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ.

ನಟ್ಟಿನ ಸೈಕಲ್‌ಗೆ ಏನು ಬೇಕು

ಇತ್ತೀಚಿನ ಸೈಕಲ್‌ಗಳಲ್ಲಿ ಚಕ್ರದ ನಟ್ಟು ಸಾಮಾನ್ಯವಾಗಿ 15 ಮಿ.ಮೀ. ಹಳೆಯ ಕಪ್ಪು ಸೈಕಲ್‌ನಲ್ಲಿ ಬೇರೆ ಅಳತೆ ಇರಬಹುದು, ಅಳೆದೇ ನೋಡಬೇಕು. ಬ್ರೇಕ್ ವಯರ್ ಹಿಡಿಯುವ ನಟ್ಟು, ಮಡ್‌ಗಾರ್ಡ್, ಕ್ಯಾರಿಯರ್‌ನವು 8, 9, 10. ಸೀಟಿನ ಕೆಳಗಿನವು 13 ಅಥವಾ 14. ಪೆಡಲ್ ಬಿಚ್ಚಲು ಮತ್ತೆ 15.

ಇದಕ್ಕೆ ಅತೀ ಕಡಿಮೆ ಬೆಲೆಯ ದಾರಿ ಎಂದರೆ ಎಲುಬಿನ ಆಕಾರದ, ಎರಡು ತುದಿ ದಪ್ಪ ಇರುವ ಸ್ಪ್ಯಾನರ್. 6ರಿಂದ 15ರವರೆಗೆ ಹತ್ತು ಅಳತೆಯ ಗುಳಿ ಅದರಲ್ಲೇ ಇರುತ್ತದೆ. ಎಷ್ಟೋ ಹುಡುಗರ ಮೊದಲ ಟೂಲ್ ಅದೇ. ಆದರೆ ಅದರ ತಲೆ ದಪ್ಪ, ಕ್ಯಾರಿಯರ್ ಕಡ್ಡಿಯ ಸಂದಿಗೆ ನುಗ್ಗುವುದಿಲ್ಲ. ಕಡಿಮೆ ದರದವುಗಳ ಕಬ್ಬಿಣ ಮೆದು. ಗಟ್ಟಿ ನಟ್ಟಿಗೆ ಎರಡು ಸಲ ತಿರುಗಿಸಿದರೆ ಗುಳಿಯ ಮೂಲೆ ಸವೆದು ಜಾರುತ್ತದೆ. ಜೊತೆಗೆ ನಟ್ಟಿನ ಮೂಲೆಯನ್ನೂ ತಿಂದುಬಿಡುತ್ತದೆ.

ನಿಜ ಹೇಳಬೇಕೆಂದರೆ ಈ ಸೈಕಲ್‌ಗೆ ಮಲ್ಟಿ ಟೂಲೇ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬಾಯಿಯ ಸ್ಪ್ಯಾನರ್ ಬಿಡಿಬಿಡಿಯಾಗಿ ಸಿಗುತ್ತದೆ: 8-9, 10-11, 12-13, 14-15. ಇದರಲ್ಲಿ ನಿಮ್ಮ ಪಟ್ಟಿಗೆ ತಕ್ಕ ಎರಡೋ ಮೂರೋ ತೆಗೆದುಕೊಳ್ಳಿ. ಟಪಾರಿಯಾದಂತಹ ನಮ್ಮ ದೇಶದ ಕಂಪೆನಿಗಳ ಮಾಲು ಸಾಕು. ಒಂದು ಚಿಕ್ಕ ಸ್ಕ್ರೂಡ್ರೈವರ್, ಒಂದು ಸಣ್ಣ ಕಟಿಂಗ್ ಪ್ಲೇಯರ್ ಸೇರಿಸಿ ಹಳೇ ಟ್ಯೂಬಿನ ತುಂಡಿನಲ್ಲಿ ಸುತ್ತಿ ಸೀಟಿನ ಕೆಳಗೆ ಕಟ್ಟಿದರೆ ಮುಗಿಯಿತು. ಹಳೇ ಕಪ್ಪು ಸೈಕಲ್‌ಗಳ ಸೀಟಿನ ಹಿಂದೆ ಪುಟ್ಟ ಚರ್ಮದ ಚೀಲ ನೇತಾಡುತ್ತಿದ್ದದ್ದು ಇದಕ್ಕೇ. ತೂಕ ಸ್ವಲ್ಪ ಜಾಸ್ತಿ ಆಗುತ್ತದೆ, ಇರಲಿ. ಶಾಲೆಗೆ ಹೋಗುವ ಸೈಕಲ್‌ಗೆ ಮುನ್ನೂರು ಗ್ರಾಮ್ ಭಾರವಲ್ಲ, ಪುಸ್ತಕದ ಚೀಲವೇ ಅದಕ್ಕಿಂತ ಎಷ್ಟೋ ಪಟ್ಟು ತೂಗುತ್ತದೆ.

ಉದ್ದದ ಸ್ಪ್ಯಾನರ್ ಯಾಕೆ ಎಂದರೆ ಅದಕ್ಕೊಂದು ಲೆಕ್ಕ ಇದೆ. ಹಿಂದಿನ ಚಕ್ರದ ನಟ್ಟು ಸರಿಯಾಗಿ ಬಿಗಿಯಾಗಲು 30 ನ್ಯೂಟನ್ ಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ತಿರುಚುಬಲ ಬೇಕು. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿ ಹಿಡಿದರೆ ಸುಮಾರು 20 ಕೆ.ಜಿ. ಒತ್ತಡ ಹಾಕಬೇಕು. ಅದೇ 7 ಸೆಂಟಿಮೀಟರ್ ಉದ್ದದ ಜೇಬಿನ ಟೂಲ್ ಆದರೆ 43 ಕೆ.ಜಿ. ದೊಡ್ಡವರ ಕೈಗೂ ಇದು ಕಷ್ಟ, ಹದಿನಾರು ವರ್ಷದ ಹುಡುಗಿಯ ಕೈಗೆ ಕೇಳುವುದೇ ಬೇಡ. ನಟ್ಟು ಸಡಿಲ ಇದ್ದರೆ ಪೆಡಲ್ ಜೋರಾಗಿ ತುಳಿದಾಗ ಚಕ್ರ ಒಂದು ಬದಿಗೆ ಎಳೆದು ಫ್ರೇಮಿಗೆ ತಾಗುತ್ತದೆ, ಚೈನೂ ಬೀಳುತ್ತದೆ. ತಿಗನಾರೆ ಕಡೆಯ ಏರು ಇಳಿತದ ಹಾದಿಯಲ್ಲಿ ಇದು ಆಗುವುದು ಏರು ಹತ್ತುವಾಗಲೇ.

ತುಂಬಾ ಹಳೆಯ ಸೈಕಲ್‌ಗಳಲ್ಲಿ ಕ್ರ್ಯಾಂಕಿಗೆ ಪಿನ್ನು ಹೊಡೆದು ಕೂರಿಸಿರುತ್ತಾರೆ. ಅದು ಸಡಿಲವಾದರೆ ಸುತ್ತಿಗೆ ಬೇಕು, ಯಾವ ಮಲ್ಟಿ ಟೂಲೂ ಉಪಯೋಗಕ್ಕಿಲ್ಲ. ಶಬ್ದ ಬರಲು ಶುರುವಾದ ದಿನವೇ ಅಂಗಡಿಯಲ್ಲಿ ತೋರಿಸುವುದು ಒಳ್ಳೆಯದು.

ಕೀಲಿಯ ಸೈಕಲ್‌ಗೆ

ಇಲ್ಲಿ ಮಡಚುವ ಮಲ್ಟಿ ಟೂಲ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಗುಳಿ ತಲೆಯ ಸ್ಕ್ರೂವಿಗೆ ಅಲೆನ್ ಎಂಬ ಹೆಸರು ಬಂದದ್ದು ಅಮೆರಿಕದ ವಿಲಿಯಂ ಅಲೆನ್ ಅವರಿಂದ. 1910ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ನಕ್ಷತ್ರದ ಟಾರ್ಕ್ಸ್ ಬಂದದ್ದು 1967ರಲ್ಲಿ.

ಅಗತ್ಯ ಇರುವ ಅಳತೆ ಬೆರಳೆಣಿಕೆಯಷ್ಟು. 4, 5, 6 ಮಿ.ಮೀ. ಅಲೆನ್ ಕೀ ಇದ್ದರೆ ಹ್ಯಾಂಡಲ್, ಸೀಟು, ಬ್ರೇಕ್, ಗೇರ್ ಎಲ್ಲದರ ಮುಖ್ಯ ಬೋಲ್ಟ್‌ಗಳು ಬರುತ್ತವೆ. 2.5 ಮತ್ತು 3 ಸಣ್ಣ ಹೊಂದಾಣಿಕೆಗೆ. 8 ಮಿ.ಮೀ. ಕೆಲವು ಪೆಡಲ್, ಕ್ರ್ಯಾಂಕ್ ಬೋಲ್ಟ್‌ಗಳಿಗೆ. ಡಿಸ್ಕ್ ಬ್ರೇಕ್‌ನ ತಟ್ಟೆಗೆ ಟಿ-25. ಗೇರ್ ಸರಿಮಾಡಲು ಒಂದು ಪ್ಲಸ್ ಸ್ಕ್ರೂಡ್ರೈವರ್. ಇಷ್ಟೇ. ಇದರ ಮೇಲಿನ ಸಂಖ್ಯೆ ಬಾಟಲಿ ಓಪನರ್, ಚಾಕು ಇತ್ಯಾದಿ ಸೇರಿ ಬಂದದ್ದು. ಕೆಲವರು ಟೂಲ್ ಹಿಡಿಯುವ ಪಟ್ಟಿಯಲ್ಲಿ ಕೊರೆದ ತೂತುಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ ಚೈನ್ ಬಿಚ್ಚುವ ಸಾಧನ ಇದೆಯೇ ಎಂಬುದು. ಗೇರ್ ಸೈಕಲ್‌ನ ಚೈನು ತುಂಡಾದರೆ ಅದಿಲ್ಲದೆ ಏನೂ ಮಾಡಲಾಗದು. ಸೀಟು ಸಡಿಲವಾದರೂ ಹೇಗೋ ಮನೆ ಸೇರಬಹುದು. ಒಂದು ಬ್ರೇಕ್ ಕೆಟ್ಟರೆ ಇಳಿದು ನಡೆದಾದರೂ ಇಳಿಜಾರು ದಾಟಬಹುದು. ಚೈನು ಹೋದರೆ ಸೈಕಲ್ ಬರೀ ತಳ್ಳುಗಾಡಿ. ಕ್ರ್ಯಾಂಕ್‌ಬ್ರದರ್ಸ್ ಕಂಪೆನಿಯ ಎಂ-19ರಂತಹ ಹೆಸರಾಂತ ಟೂಲ್‌ಗಳಲ್ಲಿ ಇದು ಸೇರಿಕೊಂಡೇ ಬರುತ್ತದೆ. ಅಗ್ಗದ ಎಷ್ಟೋ ಟೂಲ್‌ಗಳಲ್ಲಿ ಇರುವುದಿಲ್ಲ, ಇದ್ದರೂ ತಳ್ಳುವ ಪಿನ್ನು ಬೇಗ ಬಾಗುತ್ತದೆ. ಖರ್ಚು ಕಡಿಮೆ ಮಾಡಬೇಕಾದರೆ ಸಾಧಾರಣ ಅಲೆನ್ ಸೆಟ್ ಜೊತೆಗೆ ಚೈನ್ ಬಿಚ್ಚುವುದನ್ನು ಬೇರೆಯಾಗಿ ಕೊಳ್ಳಬಹುದು. ಹಾಗೆ ಕೊಂಡದ್ದು ಹಿಡಿಯಲು ದೊಡ್ಡದಾಗಿ ಇರುವುದರಿಂದ ಕೆಲಸವೂ ಸಲೀಸು.

ಬಳಸುವ ಕ್ರಮ ಗೊತ್ತಿರಬೇಕು. ತುಂಡಾದ ಕೊಂಡಿಯನ್ನು ತೆಗೆದು, ಉಳಿದ ಎರಡು ತುದಿ ಒಂದಕ್ಕೊಂದು ಹೊಂದುವಂತೆ ಜೋಡಿಸಬೇಕು. ಒಂದು ತುದಿಯಲ್ಲಿ ಹೊರ ತಟ್ಟೆ, ಇನ್ನೊಂದರಲ್ಲಿ ಒಳ ತಟ್ಟೆ ಇರಬೇಕು. ಪಿನ್ನನ್ನು ಪೂರ್ತಿ ಹೊರಗೆ ತಳ್ಳಬೇಡಿ. ಹೊರ ತಟ್ಟೆಯಲ್ಲಿ ಸ್ವಲ್ಪ ಸಿಕ್ಕಿಕೊಂಡಿರುವಷ್ಟು ಬಿಟ್ಟರೆ ಮತ್ತೆ ಒಳಗೆ ತಳ್ಳಬಹುದು, ಪೂರ್ತಿ ಹೊರಬಂದರೆ ದಾರಿಬದಿಯಲ್ಲಿ ಕೂರಿಸುವುದು ದೊಡ್ಡ ಸಾಹಸ. 10, 11 ಸ್ಪೀಡ್ ಚೈನುಗಳಲ್ಲಿ ಹಳೇ ಪಿನ್ನು ಮತ್ತೆ ಹಾಕುವುದು ಸರಿಯಲ್ಲ. ಅದಕ್ಕೆ ಕ್ವಿಕ್ ಲಿಂಕ್ ಎಂಬ ಕೈಯಲ್ಲೇ ಜೋಡಿಸುವ ಕೊಂಡಿ ಸಿಗುತ್ತದೆ, ನಿಮ್ಮ ಚೈನಿನ ಸ್ಪೀಡ್‌ಗೆ ಹೊಂದುವ ಒಂದನ್ನು ಟೂಲ್ ಚೀಲದಲ್ಲಿ ಇಟ್ಟಿರಿ. ಕೊಂಡಿ ತೆಗೆದ ಮೇಲೆ ಚೈನು ಗಿಡ್ಡವಾಗಿರುತ್ತದೆ. ಮನೆ ಮುಟ್ಟುವವರೆಗೆ ಮುಂದಿನ ದೊಡ್ಡ ಹಲ್ಲಿಗೂ ಹಿಂದಿನ ದೊಡ್ಡ ಹಲ್ಲಿಗೂ ಒಟ್ಟಿಗೆ ಹಾಕಬೇಡಿ, ಗೇರ್ ಕಿತ್ತುಹೋಗುವ ಅಪಾಯ ಇದೆ.

ಗೇರ್ ಇಲ್ಲದ ಸೈಕಲ್‌ನ ಚೈನಿಗೆ ಇಷ್ಟು ಗಡಿಬಿಡಿ ಇಲ್ಲ. ಅದರಲ್ಲಿ ಕ್ಲಿಪ್ ಇರುವ ಒಂದು ಲಾಕ್ ಕೊಂಡಿ ಇರುತ್ತದೆ, ಪ್ಲೇಯರ್‌ನಲ್ಲಿ ಬಿಚ್ಚಬಹುದು. ಹೆಚ್ಚಾಗಿ ಕಳಚಿ ಬೀಳುವುದೂ ಅದೇ. ಅಂಥ ಎರಡು ಲಾಕ್ ಜೇಬಿನಲ್ಲಿದ್ದರೆ ಅರ್ಧ ಚಿಂತೆ ಕಡಿಮೆ. ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ತಿರುಗಾ ಹಾಕಿದರೆ ಮತ್ತೆ ಕಳಚುತ್ತದೆ. ಒಂದು ಇಂಚಿನಷ್ಟು ಚೈನು ತೆಗೆದರೆ ಹಿಂದಿನ ಚಕ್ರವನ್ನು ಸುಮಾರು ಅರ್ಧ ಇಂಚು ಮುಂದಕ್ಕೆ ಸರಿಸಬೇಕು. ಮತ್ತೆ ಅದೇ ಚಕ್ರದ ನಟ್ಟು, ಅದೇ ಉದ್ದದ ಸ್ಪ್ಯಾನರ್.

ಬೆರಕೆ ಸೈಕಲ್ ಇರುವವರು ಎರಡನ್ನೂ ಸ್ವಲ್ಪ ಸ್ವಲ್ಪ ಸೇರಿಸಿಕೊಳ್ಳಬೇಕು. 4, 5, 6 ಇರುವ ಒಂದು ಸಣ್ಣ ಅಲೆನ್ ಟೂಲ್, 14-15ರ ಒಂದು ಸ್ಪ್ಯಾನರ್. ಇಷ್ಟು ಇದ್ದರೆ ಎರಡು ಸಾವಿರದ ವಿದೇಶಿ ಟೂಲ್‌ಗಿಂತ ಹೆಚ್ಚು ಕೆಲಸ ಆಗುತ್ತದೆ, ಖರ್ಚು ಅದರ ಕಾಲು ಭಾಗವೂ ಬರುವುದಿಲ್ಲ.

ಪೆಡಲ್ ಬಗ್ಗೆ ಒಂದು ಮಾತು. ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ. ಗೊತ್ತಿಲ್ಲದೆ ಬಿಚ್ಚುತ್ತೇನೆಂದು ಬಿಗಿ ಮಾಡಿ ಕ್ರ್ಯಾಂಕ್ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಸ್ಪೋಕ್ ಕೀ ಮಲ್ಟಿ ಟೂಲ್‌ನಲ್ಲಿ ಇದ್ದರೂ ಅದನ್ನು ನಂಬಿ ಚಕ್ರದ ಬೆಂಡ್ ತೆಗೆಯಲು ಹೋಗಬೇಡಿ. ಅಳತೆ ಸ್ವಲ್ಪ ತಪ್ಪಿದರೂ ನಿಪ್ಪಲ್ ಉರುಟಾಗುತ್ತದೆ. ಕಡ್ಡಿ ತುಂಡಾದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ, ಚಕ್ರ ಬ್ರೇಕಿಗೆ ತಾಗುತ್ತಿದ್ದರೆ ಆ ಬ್ರೇಕ್ ಸ್ವಲ್ಪ ಸಡಿಲಿಸಿ ನಿಧಾನಕ್ಕೆ ಮನೆಗೆ ಬರುವುದೇ ಜಾಣತನ.

ಪಂಚರ್‌ಗೆ ಇದು ಮದ್ದಲ್ಲ

ದಾರಿಯಲ್ಲಿ ಸೈಕಲ್ ನಿಲ್ಲಿಸುವುದು ಹೆಚ್ಚಾಗಿ ಜಾಲಿ ಮುಳ್ಳು, ಮಲ್ಟಿ ಟೂಲ್‌ನಲ್ಲಿ ಅದಕ್ಕೆ ಪರಿಹಾರ ಇಲ್ಲ. ಟೈರ್ ಎಬ್ಬಿಸುವ ಎರಡು ಪ್ಲಾಸ್ಟಿಕ್ ಲಿವರ್, ಪ್ಯಾಚು, ಸೊಲ್ಯೂಷನ್, ಉಜ್ಜುವ ಕಾಗದ, ಸಣ್ಣ ಪಂಪು ಬೇರೆಯೇ ಬೇಕು. ಸ್ಕ್ರೂಡ್ರೈವರ್ ಹಾಕಿ ಟೈರ್ ಎಬ್ಬಿಸಿದರೆ ಟ್ಯೂಬಿಗೆ ಇನ್ನೊಂದು ತೂತು ಗ್ಯಾರಂಟಿ. ನಟ್ಟಿನ ಸೈಕಲ್‌ನಲ್ಲಿ ಪ್ಯಾಚ್ ಹಾಕಲು ಹಿಂದಿನ ಚಕ್ರ ಬಿಚ್ಚಲೇಬೇಕೆಂದಿಲ್ಲ. ನಮ್ಮ ಪಂಚರ್ ಅಂಗಡಿಯವರು ಮಾಡುವ ಹಾಗೆ ಟೈರಿನ ಒಂದು ಬದಿ ಎಬ್ಬಿಸಿ ಟ್ಯೂಬನ್ನು ಹೊರಗೆಳೆದು ಅಲ್ಲೇ ಅಂಟಿಸಬಹುದು.

ಪಂಪು ಕೊಳ್ಳುವಾಗ ವಾಲ್ವ್ ನೋಡಿ. ಸಾದಾ ಸೈಕಲ್‌ನಲ್ಲಿ ಒಳಗೆ ರಬ್ಬರಿನ ವಾಲ್ ಟ್ಯೂಬ್ ಇರುವ ಹಳೇ ಮಾದರಿ, ಎಂಟಿಬಿಯಲ್ಲಿ ಬೈಕ್, ಕಾರಿನ ಹಾಗಿನದು, ರೋಡ್ ಬೈಕ್‌ನಲ್ಲಿ ತೆಳ್ಳಗಿನ ಪ್ರೆಸ್ಟಾ. ಎಲ್ಲ ಪಂಪು ಎಲ್ಲ ವಾಲ್ವ್‌ಗೂ ಹಿಡಿಯದು. ವಾಲ್ ಟ್ಯೂಬ್ ತುಂಡು ಕೆಲವೇ ರೂಪಾಯಿ, ನಾಲ್ಕು ಇಟ್ಟುಕೊಳ್ಳಿ. ಎಷ್ಟೋ ಸಲ ಪಂಚರ್ ಅಂತ ತಿಳಿದದ್ದು ಬರೀ ಅದರ ಸವೆತ ಆಗಿರುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಆದರೆ ನಿಮ್ಮ ಸೈಕಲ್ಲನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. 5 ಮಿ.ಮೀ. ಕೀಲಿಯನ್ನು ಬೋಲ್ಟಿನ ಗುಳಿಗೆ ಹಾಕಿ ಅಲ್ಲಾಡಿಸಿ. ಆಚೀಚೆ ಜಾಸ್ತಿ ಆಡಿದರೆ ಆ ಟೂಲ್ ಬೇಡ. ಕಳಪೆ ಕೀಲಿ ತಾನು ಹಾಳಾಗುವುದರ ಜೊತೆ ಬೋಲ್ಟನ್ನೂ ಉರುಟು ಮಾಡುತ್ತದೆ. ಉರುಟಾದ ಬೋಲ್ಟ್ ಕೊರೆದು ತೆಗೆಸಲು ಕೊಡುವ ಕೂಲಿಯಲ್ಲಿ ಒಳ್ಳೆಯ ಟೂಲೇ ಬರುತ್ತಿತ್ತು. ಕ್ರೋಮ್ ವೆನೇಡಿಯಂ ಎಂದೋ ಎಸ್-2 ಎಂದೋ ಉಕ್ಕಿನ ಹೆಸರು ಕೀಲಿಯ ಮೇಲೆ ಇರುವುದು ಒಳ್ಳೆಯದೇ, ಆದರೆ ಅಚ್ಚು ಯಾರೂ ಹಾಕಬಹುದು. ಆಡಿಸಿ ನೋಡುವುದೇ ಪರೀಕ್ಷೆ. ಸೀಟಿನ ಕೆಳಗಿನ ಬೋಲ್ಟು, ಬ್ರೇಕ್ ಸಂದಿಯ ಬೋಲ್ಟು ಕೀಲಿಗೆ ಎಟಕುತ್ತದೆಯೇ, ಟೂಲಿನ ದಪ್ಪ ಮೈ ಫ್ರೇಮಿಗೆ ತಾಗದೆ ಅರ್ಧ ಸುತ್ತಾದರೂ ತಿರುಗುತ್ತದೆಯೇ ಎಂದೂ ನೋಡಬೇಕು. ಮಡಚುವ ಟೂಲ್‌ಗಳ ದೊಡ್ಡ ತೊಂದರೆ ಇದು, ಪೆಟ್ಟಿಗೆಯ ಚಿತ್ರದಲ್ಲಿ ಗೊತ್ತಾಗುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಎಂಆರ್‌ಪಿ, ಆಮದು ಮಾಡಿದವರ ಹೆಸರು-ವಿಳಾಸ, ಯಾವ ದೇಶದ ಮಾಲು ಎಂಬುದನ್ನು ನೋಡಿ. ಆಮದಾದ ಪ್ಯಾಕೆಟ್ ಮಾಲಿನ ಮೇಲೆ ಇವೆಲ್ಲ ಇರಬೇಕೆಂದು ನಿಯಮವೇ ಇದೆ. ಏನೂ ಬರೆಯದ ಪ್ಲಾಸ್ಟಿಕ್ ಚೀಲದಲ್ಲಿ ಬಂದರೆ ವಾಪಸ್ ಮಾಡುವುದು ವಾಸಿ, ನಾಳೆ ಕೀಲಿ ಮುರಿದರೆ ಕೇಳಲು ಯಾರೂ ಇರುವುದಿಲ್ಲ.

ಗಲ್ಫ್‌ನಿಂದ ಬರುವ ಅಣ್ಣಂದಿರ ಕೈಯಲ್ಲಿ ಟೂಲ್ ತರಿಸುವ ಅಭ್ಯಾಸ ನಮ್ಮಲ್ಲಿದೆ. ಲೆದರ್‌ಮನ್ ತರಹದ, ಪ್ಲೇಯರ್ ಇರುವ ಟೂಲ್ ಹಲವರಿಗೆ ಆಸೆ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೇ ಫಿಯೆಟ್ ಕಾರಲ್ಲಿ ಯುರೋಪ್ ಸುತ್ತುವಾಗ ಪದೇ ಪದೇ ರಿಪೇರಿಗೆ ಬಿದ್ದು ಯೋಚಿಸಿದ ಸಾಧನ ಅದು, ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ವಯರ್ ಎಳೆಯಲು, ಮುಳ್ಳು ಕೀಳಲು ಚೆನ್ನಾಗಿದೆ, ಸೈಕಲ್ ನಟ್ಟಿಗೆ ಅಲ್ಲ. ಪ್ಲೇಯರ್‌ನಲ್ಲಿ ನಟ್ಟು ತಿರುಗಿಸಿದರೆ ಮೂಲೆ ಹೋಗುತ್ತದೆ. ತರುವವರು ಅದನ್ನು ಚೆಕ್-ಇನ್ ಲಗೇಜಿನಲ್ಲೇ ಹಾಕಲಿ. ಕೈಚೀಲದಲ್ಲಿ ಚಾಕು ಇರುವ ಟೂಲ್ ಕಂಡರೆ ಏರ್‌ಪೋರ್ಟ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಕರಾವಳಿಯ ಉಪ್ಪು ಗಾಳಿಗೆ ಟೂಲ್ ಬೇಗ ತುಕ್ಕು ಹಿಡಿಯುತ್ತದೆ, ಕೀಲುಗಳು ಬಿಗಿದು ತೆರೆಯುವುದೇ ಇಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ಒರೆಸಿಡಿ. ಬೆಟ್ಟದ ಕಡೆ ಉಪ್ಪು ಗಾಳಿ ಇಲ್ಲ, ಅಲ್ಲಿ ಧೂಳು.

ಟೂಲ್ ತಂದ ದಿನ ಮನೆಯಂಗಳದಲ್ಲಿ ಒಮ್ಮೆ ಹಿಂದಿನ ಚಕ್ರ ಬಿಚ್ಚಿ ಹಾಕಿ ನೋಡಿ, ಸೈಕಲ್ ಹತ್ತುವ ಮಗನೋ ಮಗಳೋ ತಮ್ಮ ಕೈಯಾರೆ ಮಾಡಲಿ. ಅಂಗಡಿಯವರು ಬಿಗಿ ಮಾಡಿದ ನಟ್ಟು ಮೊದಲ ಸಲ ಮಕ್ಕಳ ಕೈಗೆ ಬಗ್ಗುವುದೇ ಇಲ್ಲ. ದೊಡ್ಡವರು ಒಮ್ಮೆ ಸಡಿಲಿಸಿ, ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಅದೇ ಸ್ಪ್ಯಾನರ್‌ನಲ್ಲಿ ಮತ್ತೆ ಬಿಗಿ ಮಾಡಿಕೊಟ್ಟರೆ ಮುಂದಿನ ಸಲ ಮಕ್ಕಳಿಂದಲೇ ಆಗುತ್ತದೆ.